ಬಾತುಮರಿಯ ಕಾಲು

ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಹೊಸ ಬಡಾವಣೆಗೆ ಅಳತೆ ಮಾಡುವಾಗ, ಮಾರೇನಹಳ್ಳಿಯ ಕುಂಟೆ ದಡದಲ್ಲಿ ನಾನೆಳೆದ ಕಬ್ಬಿಣದ ಸರಪಳಿಗೆ ಸಿಕ್ಕಿ ಒಂದು ಬಾತುಮರಿಯ ಕಾಲು ಮುರಿಯಿತು.

ಅದನ್ನು ಸಾಕಿದ್ದ ಮುನಿಯಮ್ಮ ಮರಿಯನ್ನು ನನ್ನ ಕೈಗೇ ಕೊಟ್ಟಳು. "ಮುರಿದೋರೇ ವಾಸಿ ಮಾಡಿ ತರ್ಬೇಕು ಸ್ವಾಮಿ. ನಮ್ಮೂರಲ್ಲಿ ಹಂಗೇ."

"ನಾನೇನು ದನದ ಡಾಕ್ಟರಾ?"

"ಅಳೆಯೋಕೆ ಬರುತ್ತಲ್ಲ, ಬಿದಿರುಕಡ್ಡಿ ಅಳೆದು ಕಟ್ಟಿ."

ಬೈದುಕೊಂಡೇ ಡೇರೆಗೆ ತಂದೆ. ಬಿದಿರು ಸೀಳಿ ಕಾಲಿಗಿಟ್ಟು, ಮೊಟ್ಟೆಯ ಬಿಳಿಯಲ್ಲಿ ಅದ್ದಿದ ಬಟ್ಟೆ ಸುತ್ತಿದೆ. ನೆನೆಸಿದ ನುಚ್ಚನ್ನು ಮೂರು ವಾರ ತಿನ್ನಿಸಿದೆ. ನಮ್ಮ ಓವರ್ಸಿಯರು ದಿನಾ "ಸಾರು ಯಾವತ್ರೀ?" ಎಂದು ಹಲ್ಲು ಕಿರಿಯುತ್ತಿದ್ದ. ಒಂದು ದಿನ ಅವನನ್ನು ಹೊಡೆಯಲಿಕ್ಕೇ ಹೋಗಿದ್ದೆ.

ಅಷ್ಟರಲ್ಲಿ ಡೇರೆ ಕೆಂಗೇರಿ ಕಡೆಗೆ ಹೋಗಿತ್ತು. ಮರಿ ನೆಟ್ಟಗೆ ನಡೆದ ದಿನ ಬುಟ್ಟಿಯಲ್ಲಿಟ್ಟುಕೊಂಡು ಮಾರೇನಹಳ್ಳಿಗೆ ಬಂದೆ. ಕುಂಟೆಯೇ ಇರಲಿಲ್ಲ. ಮಣ್ಣು ಸುರಿದು ಸಮ ಮಾಡಿದ್ದರು, ನಮ್ಮ ಅಳತೆಯ ಪ್ರಕಾರವೇ, ಒಂದಡಿ ಆಚೀಚೆ ಇಲ್ಲದೆ.

"ಯಾರನ್ನ ಕೇಳಿ ಮುಚ್ಚಿದ್ರು?" ಎಂದು ಕೂಗಾಡಿದೆ.

ಮುನಿಯಮ್ಮ ಮರಿಯ ಕಾಲು ಮುಟ್ಟಿ ನೋಡಿ, ಬುಟ್ಟಿಯನ್ನು ಮತ್ತೆ ನನ್ನ ಕೈಗೇ ಕೊಟ್ಟಳು. "ಕಾಲು ವಾಸಿ ಮಾಡಿದ್ರಿ. ಇನ್ನು ಕುಂಟೆ ವಾಸಿ ಮಾಡ್ಕೊಂಡು ಬನ್ನಿ."

ಆ ಬಾತು ಸಾಯುವವರೆಗೂ ನಮ್ಮನೆ ಬಚ್ಚಲಲ್ಲೇ ಇತ್ತು.