ಸೋಲ್ವೈ ಬರೆಸಿದ ದೂರುಗಳು

ಹಸೆಲ್‌ಗೋರ್ಡ್ ಬಡಾವಣೆಯ ಏಳು ಕಟ್ಟಡಗಳಲ್ಲಿ ಸೋಲ್ವೈ ರಾಸ್ಕ್‌ಳ ಕೈಗೆ ತಲೆ ಕೊಡದ ಹೆಂಗಸರು ಕಡಿಮೆ. ಮೂರನೇ ಕಟ್ಟಡದ ಕೆಳಗೆ, ಔಷಧದ ಅಂಗಡಿಯ ಪಕ್ಕ ಅವಳ ಸಲೂನು. ಎರಡೇ ಕುರ್ಚಿ. ಕೈ ಎಷ್ಟು ಚುರುಕೋ ಮಾತು ಅಷ್ಟೇ ಖಾರ. ಒಮ್ಮೆ ನನ್ನ ಕೂದಲು ಹಿಡಿದೆತ್ತಿ ಕೇಳಿದ್ದಳು:

"ಇದನ್ನ ನೋಡಿ ನಿನ್ ಗಂಡ ಏನೂ ಅನ್ನಲ್ವೇನೇ?"

"ನೋಡಿದ್ರೆ ತಾನೆ ಅನ್ನೋದು!" ಅಂದಿದ್ದೆ.

ಆಗ ನಮ್ಮ ಬಡಾವಣೆಗೆ ಬಹಳ ಒಳ್ಳೆಯ ಹೆಸರು. ಪೊಲೀಸರು ವರ್ಷಕ್ಕೊಮ್ಮೆ ಹೊರಡಿಸುವ ಅಪರಾಧದ ಪಟ್ಟಿಯಲ್ಲಿ ಇಡೀ ಊರಿಗೆ ನಾವೇ ಕೊನೆ. ಆ ವರ್ಷ ಬಂದದ್ದು ಹನ್ನೊಂದೇ ದೂರು. ನಿವಾಸಿಗಳ ಸಂಘದ ಅಧ್ಯಕ್ಷ ಟೋರ್ಸ್ಟೆನ್ ಆಲ್ಮ್‌ಗ್ರೆನ್ ಆ ಸುದ್ದಿಯ ತುಣುಕನ್ನು ಏಳೂ ಬಾಗಿಲುಗಳಿಗೆ ಅಂಟಿಸಿದ್ದ. ನಿಜ ಹೇಳಬೇಕೆಂದರೆ ಅದೇ ವರ್ಷ ನನ್ನದೇ ಎರಡು ಸೈಕಲ್ಲು ಹೋಗಿದ್ದವು. ನೆಲಮಾಳಿಗೆಯ ಉಗ್ರಾಣಗಳ ಬೀಗ ಮುರಿದ ಕಥೆ ಮನೆಮನೆಯಲ್ಲೂ ಇತ್ತು. ಹೇಳಿ ಏನುಪಯೋಗ ಎಂದು ಎಲ್ಲರೂ ಸುಮ್ಮನಿದ್ದೆವು.

ನವೆಂಬರಿನ ಒಂದು ಬೆಳಿಗ್ಗೆ ನಾನು ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದೆ. ಪಕ್ಕದಲ್ಲಿ ಎಂಬತ್ತೊಂದು ವರ್ಷದ ಸೀವಜ್ಜಿಯ ತಲೆಯನ್ನು ಸೋಲ್ವೈ ತೊಳೆಯುತ್ತಿದ್ದಳು. ಇದ್ದಕ್ಕಿದ್ದಂತೆ ಅಜ್ಜಿ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕತೊಡಗಿದಳು. ಮೂರು ವಾರದ ಹಿಂದೆ ನೀರಿನ ಪೈಪು ಪರೀಕ್ಷಿಸಲು ಬಂದೆನೆಂದು ಒಬ್ಬ ಒಳಬಂದಿದ್ದನಂತೆ. ಅಡುಗೆಮನೆಯ ನಲ್ಲಿ ತೆರೆದು ಹಿಡಿದಿರು ಎಂದು ಅಜ್ಜಿಗೆ ಹೇಳಿದ. ಅವಳು ನೀರು ನೋಡುತ್ತ ನಿಂತಾಗ ಇನ್ನೊಬ್ಬ ಮಲಗುವ ಕೋಣೆಗೆ ನುಗ್ಗಿ ಒಡವೆಯ ಡಬ್ಬಿಯನ್ನೇ ಎತ್ತಿಕೊಂಡು ಹೋದ. ಅದರಲ್ಲಿ ತೀರಿಕೊಂಡ ಗಂಡ ತೊಡಿಸಿದ್ದ ಉಂಗುರವೂ ಇತ್ತು.

"ಮಗಳಿಗೂ ಹೇಳಿಲ್ಲ ಕಣೇ," ಅಂದಳು ಅಜ್ಜಿ. "ಹೇಳಿದ್ರೆ, ಅಮ್ಮಂಗೆ ಅರಳು ಮರಳು, ಇನ್ನು ಒಬ್ಳೇ ಬಿಡೋ ಹಾಗಿಲ್ಲ ಅಂತಾಳೆ."

ಸೋಲ್ವೈ ನಲ್ಲಿ ನಿಲ್ಲಿಸಿದಳು. ಸ್ಟೂಲು ಎಳೆದುಕೊಂಡು ಅಜ್ಜಿಯ ಎದುರು ಕೂತಳು. "ನಾಚ್ಕೋಬೇಕಾದೋನು ಅವ್ನು, ನೀನಲ್ಲ. ನೀನು ಬಾಯಿ ಮುಚ್ಕೊಂಡಿದ್ರೆ ನಾಳೆ ಇನ್ನೊಬ್ಬ ಅಜ್ಜಿ ನಲ್ಲಿ ಹಿಡ್ಕೊಂಡು ನಿಂತಿರ್ತಾಳೆ."

ಪೊಲೀಸರ ದೂರಿನ ನಂಬರು ಒತ್ತಿ ಫೋನನ್ನು ಅಜ್ಜಿಯ ಕೈಗಿಟ್ಟಳು. ಆ ಕಡೆಯಿಂದ ದನಿ ಬರುವವರೆಗೆ ಅವಳ ಇನ್ನೊಂದು ಕೈಯನ್ನು ಬಿಡಲಿಲ್ಲ. ಅಜ್ಜಿ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಸೋಲ್ವೈ ನನ್ನತ್ತ ತಿರುಗಿದಳು.

"ನಿನ್ ಸೈಕಲ್ಲು?"

"ಅಯ್ಯೋ, ಅದು ಹೋಗಿ ಯಾವ ಕಾಲ ಆಯ್ತೋ, ಬಿಡೇ."

"ತಲೆ ತುಂಬ ಬಣ್ಣ ಮೆತ್ಕೊಂಡು ಎಲ್ಲಿಗೆ ಓಡ್ತೀಯ? ಬಣ್ಣ ಹಿಡಿಯೋಕೆ ಇನ್ನೂ ಅರ್ಧ ಗಂಟೆ ಇದೆ. ತಗೋ ಫೋನು."

ಅಂದಿನಿಂದ ಅದೇ ಅಲ್ಲಿಯ ನಿಯಮವಾಯಿತು. ಬಣ್ಣಕ್ಕೆ ಕೂತವರು ದೂರು ಬರೆಸದೆ ಏಳುವಂತಿಲ್ಲ. ಮುಂದಿನ ಶರತ್ಕಾಲದ ಹೊತ್ತಿಗೆ ಹನ್ನೊಂದು ಹೋಗಿ ನೂರ ನಲವತ್ತಮೂರು ದೂರುಗಳಾಗಿದ್ದವು. 'ಹಸೆಲ್‌ಗೋರ್ಡ್‌ನಲ್ಲಿ ಅಪರಾಧ ಹದಿಮೂರು ಪಟ್ಟು' ಎಂದು ಪತ್ರಿಕೆ ದೊಡ್ಡಕ್ಷರದಲ್ಲಿ ಬರೆಯಿತು.

ಆಲ್ಮ್‌ಗ್ರೆನ್ ಬಾಗಿಲು ದೂಡಿಕೊಂಡು ಒಳಬಂದ. "ಸುಮ್ನಿರೋಕೆ ನಿಂಗೇನಾಗಿತ್ತು? ನನ್ ಮನೆ ಕೊಳ್ಳೋಕೆ ಬಂದೋರು ಪೇಪರ್ ನೋಡಿ ವಾಪಸ್ ಹೋದ್ರು!"

"ಕಳ್ಳತನ ಜಾಸ್ತಿ ಆಗಿಲ್ಲ ಟೋರ್ಸ್ಟೆನ್, ಹೇಳೋರು ಜಾಸ್ತಿ ಆಗಿದಾರೆ."

"ಪೇಪರ್ ಓದೋರಿಗೆ ಅದೆಲ್ಲ ಗೊತ್ತಾಗುತ್ತಾ?"

"ತಲೇಲಿ ಹೇನಿದೆ ಅಂತ ಹೇಳಿದ್ರೆ, ಹೇನು ಬಿಟ್ಟೋಳೇ ನೀನು ಅಂತ ನಂಗೇ ಬೈತಿದೀಯಲ್ಲ!"

ಅವನ ತಲೆಯಲ್ಲಿ ಹೇನಿಗಿರಲಿ, ಒಂದು ಎಳೆ ಕೂದಲಿಗೂ ನೆಲೆಯಿರಲಿಲ್ಲ. ನಾನು ನಗು ತಡೆಯಲಾರದೆ ಕೆಮ್ಮಿದೆ. ಆದರೆ ಅವನೊಬ್ಬನೇ ಸಿಟ್ಟಾಗಿದ್ದಲ್ಲ. ಬಡಾವಣೆಯ ಮಾನ ಹರಾಜಾಯಿತು ಎಂದು ಅನೇಕರು ಬೇರೆ ಸಲೂನಿಗೆ ಹೋಗತೊಡಗಿದರು. ಆ ಚಳಿಗಾಲ ಎರಡನೇ ಕುರ್ಚಿ ಹೆಚ್ಚಾಗಿ ಖಾಲಿಯೇ ಇತ್ತು. ಒಂದು ಮಧ್ಯಾಹ್ನ ಬಾಚಣಿಗೆ ಒರೆಸುತ್ತ ಸೋಲ್ವೈ ಕೇಳಿದಳು, "ನಂದೇ ತಪ್ಪೇನೇ?" ಅಷ್ಟರಲ್ಲಿ ಯಾರೋ ಬಂದರು. ಅವಳು ಬಣ್ಣ ಕಲಸಿದಳು, ಹಚ್ಚಿದಳು, ಫೋನು ಮುಂದೆ ಚಾಚಿದಳು.

ಫೆಬ್ರವರಿಯಲ್ಲಿ ಓಸಾ ಎಂಬ ಪೊಲೀಸ್ ಅಧಿಕಾರಿ ಸಂಘದ ಸಭೆಗೆ ಬಂದಳು. ನೂರ ನಲವತ್ತಮೂರು ದೂರುಗಳನ್ನೂ ಆಕೆ ದಿನ, ವೇಳೆ ನೋಡಿ ಜೋಡಿಸಿದ್ದಳು.

"ಹನ್ನೊಂದು ದೂರಿಂದ ನಮಗೇನೂ ತಿಳೀತಿರ್ಲಿಲ್ಲ," ಅಂದಳು. "ಈಗ ನೋಡಿ, ಹೆಚ್ಚು ಪಾಲು ಮಂಗಳವಾರ, ಗುರುವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡು. ಆ ಹೊತ್ತಲ್ಲಿ ಇಲ್ಲೇನು ನಡೆಯುತ್ತೆ?"

ಹಿಂದಿನ ಸಾಲಿನಿಂದ ಸೀವಜ್ಜಿ ಹೇಳಿದಳು, "ಮೆಟ್ಲು ಒರೆಸ್ತಾರೆ."

ಹೌದು. ನೆಲ ಒಣಗಲೆಂದು ಏಳೂ ಕಟ್ಟಡಗಳ ಬಾಗಿಲಿಗೆ ಬಕೆಟ್ಟು ಅಡ್ಡವಿಟ್ಟು ತೆರೆದಿಡುತ್ತಿದ್ದರು. ಯಾರು ಬೇಕಾದರೂ ಒಳಗೆ ಬರಬಹುದಿತ್ತು.

ಆಮೇಲೆ ಪೊಲೀಸರು ಮಫ್ತಿಯಲ್ಲಿ ಕಾದರು. ಮೂರನೇ ಗುರುವಾರ ವ್ಯಾನಿನ ಸಮೇತ ಇಬ್ಬರು ಗಂಡಸರು, ಒಬ್ಬ ಹೆಂಗಸು ಸಿಕ್ಕಿಬಿದ್ದರು. ಒಬ್ಬನನ್ನು ಸೀವಜ್ಜಿ ಫೋಟೋದಲ್ಲೇ ಗುರುತು ಹಿಡಿದಳು. ಉಂಗುರ ಮಾತ್ರ ಸಿಗಲಿಲ್ಲ. ಆದರೆ ಆ ವಾರವೇ ಅಜ್ಜಿ ಮಗಳಿಗೆ ತಾನಾಗಿ ಎಲ್ಲ ಹೇಳಿದಳು. ಮಗಳು ಬೈಯಲಿಲ್ಲ, ತಬ್ಬಿಕೊಂಡು ಅತ್ತಳು.

ಮರುವರ್ಷ ಐವತ್ತೆರಡು ದೂರು. ಆಲ್ಮ್‌ಗ್ರೆನ್ ಅದನ್ನು ಎಲ್ಲೂ ಅಂಟಿಸಲಿಲ್ಲ. ಆದರೆ ಅವನ ಕಾರಿನ ನಾಲ್ಕೂ ಚಕ್ರ ಬಿಚ್ಚಿಕೊಂಡು ಹೋದ ದಿನ ನೇರವಾಗಿ ಸಲೂನಿಗೆ ಬಂದು ಗಂಟಲು ಸರಿಮಾಡಿಕೊಂಡ. "ಆ ನಂಬರು ಯಾವ್ದು?"

ಸೋಲ್ವೈ ಕುಹಕವಾಡಲಿಲ್ಲ. ಖಾಲಿ ಕುರ್ಚಿ ತೋರಿಸಿ, ಕಾಫಿ ಕೊಟ್ಟು, ನಂಬರು ಬರೆದುಕೊಟ್ಟಳು. ಅವಳ ಬಗ್ಗೆ ನನಗಿರುವ ಗೌರವ ದೂರು ಬರೆಸಿದ್ದಕ್ಕಿಂತ ಅಂದು ಅವಳು ಹಾಗೆ ನಡೆದುಕೊಂಡದ್ದಕ್ಕೇ ಹೆಚ್ಚು.

ಕಳೆದ ವಸಂತದಲ್ಲಿ ಸಂಘದ ಅಧ್ಯಕ್ಷತೆಗೆ ಅವಳ ಹೆಸರು ಸೂಚಿಸಿದವನು ಆಲ್ಮ್‌ಗ್ರೆನ್ನೇ. "ಭಾಷಣ ಗೀಷಣ ನಂಗೆ ಬರಲ್ಲ," ಎಂದು ಅವಳು ಕೊಸರಾಡಿದಳು. ಬಂದಿದ್ದ ಅರವತ್ತು ಜನವೂ ಕೈಯೆತ್ತಿದರು. ಅವಳು ಕನ್ನಡಕ ಹಾಕಿಕೊಂಡು, ನೆಲಮಾಳಿಗೆಯ ದೀಪಗಳನ್ನು ಬದಲಿಸುವ ವಿಷಯದಿಂದ ಶುರುಮಾಡಿ ಇಪ್ಪತ್ತು ನಿಮಿಷದಲ್ಲಿ ಸಭೆ ಮುಗಿಸಿದಳು.