ಅಕ್ಕನ ಮನೆಯ ಎಸಿ ಲೈನು

ಸಿಡುಕು ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಡಿಕೊಳ್ಳುವವರು ಒಂದು ದಿನ ಅವನ ವೈರಿಂಗ್ ಕೆಲಸ ಮಾಡಿ ನೋಡಲಿ. ಗೋಡೆಗೆ ಬಣ್ಣ ಬಳಿದಾಯಿತು, ಹೊಸ ಪರದೆ ಬಂತು, ಎಸಿ ಪೆಟ್ಟಿಗೆ ಬಾಗಿಲಿಗೆ ಬಂದು ಕೂತಿತು. ಎಲ್ಲ ಮುಗಿದ ಮೇಲೆ ಮೇಸ್ತ್ರಿಯ ನೆನಪು. “ಒಂದು ಪ್ಲಗ್ ಅಷ್ಟೇ ತಾನೆ, ಟಿವಿ ಪಕ್ಕದ್ದಕ್ಕೇ ಚುಚ್ಚಿಬಿಡಿ” ಎನ್ನುತ್ತಾರೆ. ಇದನ್ನು ಕೇಳಿದರೆ ಯಾರ ಮೈ ಉರಿಯುವುದಿಲ್ಲ?

ಅವನ ಮೈಯಂತೂ ಉರಿಯುತ್ತಿತ್ತು. ಎಸಿಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನು, ದಪ್ಪ ತಾಮ್ರದ ವೈರು, ಅದಕ್ಕೆ ತಕ್ಕ ಎಂಸಿಬಿ, ನೆಟ್ಟಗಿರುವ ಅರ್ಥಿಂಗ್. ಇಷ್ಟಕ್ಕೆ ಒಪ್ಪದಿದ್ದರೆ ಅವನು ಚೀಲದಿಂದ ಟೆಸ್ಟರ್ ಕೂಡ ಹೊರಗೆ ತೆಗೆಯುತ್ತಿರಲಿಲ್ಲ. ವಾದ ಮಾಡಿದವರಿಗೆ ಬೀದಿಯ ಕೊನೆಗೆ ಕೇಳುವಂತೆ ಬೈಗುಳ. ಹಳೆಯ ಲೈನೇ ಸಾಕು ಎಂದ ದರ್ಜಿಯೊಬ್ಬನಿಗೆ, “ನಿನ್ನ ಮಗನ ಚಡ್ಡಿ ನನಗೆ ಹಾಕ್ಸಿದ್ರೆ ಏನಾಗುತ್ತೆ? ಹರಿಯುತ್ತೆ. ವೈರ್ ಹರಿಯಲ್ಲ ಕಣಯ್ಯಾ, ಹೊತ್ಕೊಳ್ಳುತ್ತೆ!” ಎಂದು ಅಂಗಡಿಯ ಗಿರಾಕಿಗಳೆದುರೇ ನೀರಿಳಿಸಿದ್ದ. ಹಾಗೆ ಬೈಸಿಕೊಂಡವರೇ ಮಾರನೆಯ ದಿನ ಹೊಸ ವೈರು ತಂದಿಟ್ಟು ಅವನಿಗೆ ಫೋನ್ ಮಾಡುತ್ತಿದ್ದರು. ಅವನು ಬಂದು, ಇನ್ನೊಂದಿಷ್ಟು ಬೈದು, ಕೆಲಸ ಮಾಡಿಕೊಡುತ್ತಿದ್ದ.

ಅವನ ಬಾಯಿಂದ ತಪ್ಪಿಸಿಕೊಂಡವಳು ಜಗತ್ತಿನಲ್ಲಿ ಒಬ್ಬಳೇ, ಅವನ ಅಕ್ಕ. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಓದು ಹತ್ತದಿದ್ದಾಗ ಅಪ್ಪನ ಹೊಡೆತಕ್ಕೆ ಅಡ್ಡ ನಿಂತು ಕೆಲಸ ಕಲಿಯಲು ಹಚ್ಚಿದವಳು. ಅವಳ ಮನೆಗೆ ಹೋದರೆ ಚಪ್ಪಲಿಯ ಜೊತೆ ತನ್ನ ಗಂಟಲನ್ನೂ ಬಾಗಿಲ ಹೊರಗೇ ಬಿಟ್ಟು ಒಳಗೆ ಹೋಗುತ್ತಿದ್ದ. ಅಕ್ಕನೆದುರು ದನಿ ಏರಿಸದಿರುವುದು ತಾನು ಸಲ್ಲಿಸುವ ಮರ್ಯಾದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ಬೇಸಿಗೆಯಲ್ಲಿ ಭಾವನಿಗೆ ಲಕ್ವ ಹೊಡೆದಿತ್ತು. ಮಾತಿಲ್ಲ, ಒಂದು ಕಡೆಯ ಕೈಕಾಲು ಆಡುವುದಿಲ್ಲ. ತಾರಸಿಯ ಕೆಳಗಿನ ಮಹಡಿ ಕೋಣೆಯಲ್ಲಿ ಮಲಗಿದ್ದ ಅವರ ಬೆನ್ನೆಲ್ಲ ಸೆಕೆಗೆ ಬೊಬ್ಬೆ ಎದ್ದಿತ್ತು. ನೋಡಲಾರದೆ ಅಕ್ಕನ ಮಗ ಎಸಿ ತಂದು, ಅಂಗಡಿಯವರ ಕೈಲಿ ಗೋಡೆಗೆ ಹಾಕಿಸಿದ. ಕರೆಂಟು ಕೊಡಲು ಮಾಮನನ್ನು ಕರೆದ.

ಮೇಸ್ತ್ರಿ ಮಂಚದ ತಲೆಗಡೆಯ ಸ್ವಿಚ್ ಬೋರ್ಡ್ ಬಿಚ್ಚಿದ. ದೀಪ, ಫ್ಯಾನಿಗೆಂದು ಎಳೆದ ತೆಳ್ಳನೆಯ ಹಳೆಯ ವೈರು. ಅರ್ಥಿಂಗ್ ವೈರನ್ನು ಯಾರೋ ಪುಣ್ಯಾತ್ಮ ಕತ್ತರಿಸಿ, ತುದಿಗೆ ಟೇಪ್ ಸುತ್ತಿ ಒಳಗೆ ತುರುಕಿದ್ದ. ಬೇರೆ ಮನೆಯಾಗಿದ್ದರೆ ಅವನ ಕೂಗಿಗೆ ತಾರಸಿ ಹಾರಿಹೋಗುತ್ತಿತ್ತು. ಇದು ಅಕ್ಕನ ಮನೆ.

“ಅಕ್ಕ, ಈ ವೈರು ಎಸಿಗೆ ಸಾಲಲ್ಲ,” ಎಂದ ಮೆಲ್ಲಗೆ. “ಕೆಳಗಿಂದ ಬೇರೆ ಲೈನ್ ಎಳೀಬೇಕು, ಗೋಡೆ ಸ್ವಲ್ಪ ಒಡೀಬೇಕಾಗುತ್ತೆ. ಕೈಲಿರೋ ಕೆಲ್ಸ ಮುಗಿಸ್ಕೊಂಡು ಬಂದುಬಿಡ್ತೀನಿ.”

“ಅಲ್ಲೀವರೆಗೆ ಹಾಕ್ಕೋಬಾರ್ದೇನೋ? ಪಾಪ, ಬೇಯ್ತಾ ಇದಾರೆ.”

“ಹಾಕ್ದೇ ಇದ್ರೆ ಒಳ್ಳೇದು ಅಕ್ಕ.”

ಒಳ್ಳೇದಂತೆ! ದರ್ಜಿಗೆ ಚಡ್ಡಿಯ ಲೆಕ್ಕದಲ್ಲಿ ಬಿಡಿಸಿ ಹೇಳಿದ ಬಾಯಿಗೆ ಅಕ್ಕನೆದುರು ಸಿಕ್ಕಿದ್ದು ಇಷ್ಟೇ ಮಾತು. ಹೇಳಿ, ಅವಳು ಕೊಟ್ಟ ಚಹಾ ಕುಡಿದು ಹೊರಟ.

ಅವನು ಹೋದ ಮೇಲೆ ಸೋದರಳಿಯ ಅದೇ ಪ್ಲಗ್ಗಿಗೆ ಎಸಿ ಚುಚ್ಚಿದ. ಸ್ವಲ್ಪ ಹೊತ್ತಿಗೆಲ್ಲ ಎಂಸಿಬಿ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ವೈರಿನ ಮೇಲೆ ಭಾರ ಹೆಚ್ಚಾದಾಗ ತಾನಾಗಿ ಬಿದ್ದು ಕರೆಂಟು ಕಡಿಯಬೇಕು ಎಂದೇ ಅದನ್ನು ಇಟ್ಟಿರುವುದು. ನಮ್ಮ ಜಾಣ ಮಾಡಿದ್ದೇನು? ಅಂಗಡಿಗೆ ಹೋಗಿ ಅದಕ್ಕಿಂತ ದೊಡ್ಡ ಎಂಸಿಬಿ ತಂದು ಹಾಕಿದ. ಬೊಗಳುವ ನಾಯಿಯ ಬಾಯಿ ಕಟ್ಟಿ ಕಳ್ಳ ಹೋದ ಎಂದು ನಿದ್ದೆ ಮಾಡುವ ಬುದ್ಧಿ! ಎಂಸಿಬಿ ಬೀಳುವುದು ನಿಂತಿತು, ಕೋಣೆ ತಣ್ಣಗಾಯಿತು. ಭಾವ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದರು ಎಂದು ಅಕ್ಕ ಸಂಭ್ರಮಪಟ್ಟಳು.

ಮೇಸ್ತ್ರಿ ಹೊಸ ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದವನು ಮೆಟ್ಟಿಲಲ್ಲೇ ನಿಂತ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಕೆಳಗೆ ಓಡಿ ಮೇನ್ ಸ್ವಿಚ್ ಎಳೆದು, ಮೇಲೆ ಹೋಗಿ ಮಂಚದ ತಲೆಗಡೆ ಗೋಡೆ ಮುಟ್ಟಿದರೆ ಅಂಗೈ ಚುರ್ ಎಂದಿತು. ಬೋರ್ಡು ಕರಗಿ ಕರಿಗಟ್ಟಿತ್ತು. ಅದರ ಪಕ್ಕದಲ್ಲೇ ಭಾವನ ದಿಂಬು. ಅಕ್ಕ ಅಡುಗೆಮನೆಯಲ್ಲಿದ್ದಳು. ಭಾವ ಎಲ್ಲ ನೋಡುತ್ತ ಮಲಗಿದ್ದರು. ಕೂಗಲು ಅವರಿಗೆ ಬಾಯಿಯೇ ಇರಲಿಲ್ಲ.

ಅಳಿಯನನ್ನು ಕರೆದು, ಇಬ್ಬರೂ ಸೇರಿ ಅವರನ್ನು ಎತ್ತಿ ಕೆಳಗಿನ ಹಜಾರದಲ್ಲಿ ಮಲಗಿಸಿದರು. ಆಮೇಲೆ ಮೇಸ್ತ್ರಿಯ ಬಾಯಿ ಬಿಚ್ಚಿತು.

“ಯಾವ ಮಹಾಶಯ ಕಣೋ ಎಂಸಿಬಿ ಬದಲಾಯಿಸಿದ್ದು?”

“ಸುಮ್ಸುಮ್ನೆ ಬೀಳ್ತಿತ್ತು ಮಾಮ, ಅದಕ್ಕೇ...”

“ಸುಮ್ಸುಮ್ನೆ! ನಿಮ್ಮಪ್ಪನ್ನ ಉಳಿಸೋಕೆ ಬೀಳ್ತಿತ್ತು ಕಣೋ ಅದು! ಮಲಗಿದ್ದಲ್ಲೇ ಸುಡ್ತಿದ್ದೆಯಲ್ಲೋ ಅವರನ್ನ!”

ಅಕ್ಕ ಅಡುಗೆಮನೆಯಿಂದ ಬಂದು, “ಮೆಲ್ಲಗೆ ಕಣೋ” ಎಂದಳು.

ಅವನು ಅವಳತ್ತ ತಿರುಗಿದ. ಹುಟ್ಟಿದ ಮೇಲೆ ಮೊದಲ ಸಲ ಅಕ್ಕನ ಮೇಲೆ ಗಂಟಲು ಹರಿಯುವಂತೆ ಕೂಗಿದ. “ಏನು ಮೆಲ್ಲಗೆ? ನಿನ್ನ ಬುದ್ಧಿ ಎಲ್ಲಿ ಹೋಗಿತ್ತು? ನಾನು ಹೇಳಿದ್ನೋ ಇಲ್ವೋ? ನನ್ನ ಮಾತಿಗೆ ಈ ಮನೇಲಿ ಕಾಸಿನ ಬೆಲೆ ಇಲ್ವಾ?”

ಪಕ್ಕದ ಮನೆಯವರು ಕಿಟಕಿಗೆ ಬಂದರು. ಅಕ್ಕ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಗಂಡನ ಹಣೆಯ ಬೆವರು ಸೆರಗಿನಿಂದ ಒರೆಸಿ ತಮ್ಮನನ್ನು ನೋಡಿದಳು.

“ನೀನು ಹೇಳ್ದೆ. ಹೀಗೆ ಹೇಳ್ಲಿಲ್ಲ,” ಎಂದಳು. “ನಿಜವಾಗ್ಲೂ ಅಪಾಯ ಇದ್ರೆ ನೀನು ಊರೆಲ್ಲ ಕೇಳೋ ಹಾಗೆ ಕೂಗ್ತೀಯ. ನನಗೆ ಮೆಲ್ಲಗೆ ಹೇಳಿದೆ. ಹಾಗಾದ್ರೆ ನಾಲ್ಕು ದಿನಕ್ಕೆ ಏನೂ ಆಗಲ್ಲ ಅಂದ್ಕೊಂಡೆ ಕಣೋ.”

ಮೇಸ್ತ್ರಿಯ ಸಿಟ್ಟು ಇಳಿದಿರಲಿಲ್ಲ. ಅಳಿಯನ ಮೇಲಿದ್ದದ್ದು, ಆ ಟೇಪ್ ಸುತ್ತಿದವನ ಮೇಲಿದ್ದದ್ದು, ಎಲ್ಲ ಸೇರಿ ಅವನ ಮೇಲೆಯೇ ತಿರುಗಿತು. ಭಾವನ ಜೀವದ ಪ್ರಶ್ನೆಯಲ್ಲೂ ಮುದ್ದಿನ ತಮ್ಮನಾಗಿ ನಿಂತು ‘ಒಳ್ಳೇದು ಅಕ್ಕ’ ಎಂದಿದ್ದನಲ್ಲ, ಥೂ!

ಚೀಲದಿಂದ ಉಳಿ, ಸುತ್ತಿಗೆ ತೆಗೆದುಕೊಂಡ.

“ಇವತ್ತೇ ಗೋಡೆ ಒಡೀತೀನಿ. ಲೈನ್ ಮುಗಿಯೋವರೆಗೆ ಮೇನ್ ಸ್ವಿಚ್ ಯಾರೂ ಮುಟ್ಟಬಾರ್ದು! ನೀನೂ ಅಷ್ಟೇ ಅಕ್ಕ! ಕೇಳಿಸ್ತಾ?” ಎಂದು ಕಿರುಚಿದ.

“ಕೇಳಿಸ್ತು,” ಎಂದಳು ಅಕ್ಕ. “ಈಗ ಕೇಳಿಸ್ತು ಕಣೋ.”