ಎಕ್ಸ್‌ಪೋಜರ್ ಬೇಕ್ರೀ

ಜೇವರ್ಗಿ ಕಾಲೋನಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರಿಗೆ ಮಕ್ಕಳು ಸುಮ್ಮನೆ ಕೂತದ್ದು ಕಂಡರೆ ಸಂಕಟವಾಗುತ್ತಿತ್ತು. ಬೇಸಿಗೆ ರಜೆ ಶುರುವಾದ ಮರುದಿನವೇ ಮಗನನ್ನು ಅಬಾಕಸ್‌ಗೆ, ಮಗಳನ್ನು ಕರಾಟೆಗೆ ಸ್ಕೂಟರಿನಲ್ಲಿ ಸಾಗಿಸುತ್ತಿದ್ದರು. ಯಾಕೆಂದು ಕೇಳಿದರೆ ಕಾಲೂರಿ ನಿಂತು, ಹೆಲ್ಮೆಟ್ಟಿನ ಗಾಜು ಎತ್ತಿ ಹೇಳುವ ಮಾತು ಒಂದೇ: "ಮಕ್ಕಳಿಗಿ ಎಕ್ಸ್‌ಪೋಜರ್ ಬೇಕ್ರೀ."

ಅವರ ತಾಯಿ ಕಮಲಾಪುರದಲ್ಲಿ ಕೆಂಬಾಳೆ ತೋಟ ನೋಡಿಕೊಂಡಿದ್ದರು. ರಜೆಗೆ ಮಕ್ಕಳನ್ನು ಕಳಿಸೆಂದು ಆಕೆ ಫೋನು ಮಾಡಿದರೆ, ಸ್ಪೀಕರಿನ ಮಾತೆಲ್ಲ ಗೋಡೆಯಾಚೆ ನಮಗೂ ಕೇಳುತ್ತಿತ್ತು.

"ಬಿಸಲು ಭಾಳ ಅದವ್ವಾ. ಅಲ್ಲಿ ಎಕ್ಸ್‌ಪೋಜರ್ ಎಲ್ಲಿ ಸಿಗ್ತದ?"

"ಸಂತ್ಯಾಗ ಸಿಗ್ತದಂದ್ರ ತಂದಿಡ್ತೀನಿ ತಮ್ಮಾ."

ಒಂದು ಮೇ ತಿಂಗಳಲ್ಲಿ ಅವರು ಮಕ್ಕಳನ್ನು 'ಹಳ್ಳಿ ಅನುಭವ ಶಿಬಿರ'ಕ್ಕೆ ಸೇರಿಸಿದರು. ಅವರ ಒತ್ತಾಯಕ್ಕೆ ನಾನೂ ನನ್ನ ಮಗಳನ್ನು ಸೇರಿಸಿದೆ. ಕೊನೆಯ ದಿನ ಹಳ್ಳಿ ನೋಡಲು ಮಕ್ಕಳ ಜೊತೆ ನಾವೂ ಬಸ್ಸು ಹತ್ತಿದೆವು; ಯಾವ ಹಳ್ಳಿಯೆಂದು ಯಾರೂ ಕೇಳಿರಲಿಲ್ಲ. ಬಸ್ಸು ಹೋಗಿ ನಿಂತದ್ದು ಕಮಲಾಪುರದಲ್ಲಿ, ಅವರ ತಾಯಿಯ ತೋಟದೆದುರಿಗೇ. ನೆರೆಯವರ ಮುಖ ಅಲ್ಲಿನ ಹಣ್ಣಿನ ಬಣ್ಣಕ್ಕೆ ತಿರುಗಿತು.

ಶಿಬಿರದ ಮಾಸ್ತರರಿಗೆ ಇದೇನೂ ಗೊತ್ತಿರಲಿಲ್ಲ. "ಮಕ್ಕಳೇ, ಇದು ಬಾಳೆಗಿಡ. ಇವರು ರೈತ ಅಜ್ಜಿ" ಎಂದು ಪರಿಚಯಿಸಿದರು.

"ಆಯೀ!" ಎಂದು ಕರಾಟೆಯ ಹುಡುಗಿ ತನ್ನ ಅಜ್ಜಿಯತ್ತ ಓಡಲು ಹೊರಟಳು.

"ಲೈನ್ ಬಿಡಬ್ಯಾಡ!" ಎಂದು ಅವಳಪ್ಪ ಗದರಿದರು.

ಅಜ್ಜಿ ಮಗನನ್ನೊಮ್ಮೆ ನೋಡಿದರು. ಆಮೇಲೆ ಒಂದು ಚಿಪ್ಪು ಹಣ್ಣು ತಂದು ಮಾಸ್ತರರ ಕೈಗಿಟ್ಟರು.

"ಮುಂದಿನ ವರ್ಷನೂ ಇವರನ್ನ ಕರ್ಕೊಂಡ್ ಬರ್ರಿ ಯಪ್ಪಾ. ನಾ ಕರದ್ರ ಬರಂಗಿಲ್ಲ."